ಹಲ್ಲು ಕಚ್ಚಿಕೊಂಡಿದ್ದ ದೊಡ್ಡಮ್ಮ

ದೊಡ್ಡಮ್ಮ ಬಾಯಿ ತೆರೆದರೆ ಎಡಗಿವಿಯ ಬುಡದಲ್ಲಿ ಟಕ್ಕೆಂದು ಸದ್ದಾಗುತ್ತಿತ್ತು, ಪಕ್ಕದಲ್ಲಿ ಕೂತವರಿಗೂ ಕೇಳಿಸುವಷ್ಟು. ಕಾಲೇಜಿಗೆಂದು ನಾನು ಶಿಡ್ಲಘಟ್ಟದ ಹತ್ತಿರದ ಅವಳ ಮನೆಯಲ್ಲಿದ್ದೆ. "ದವಡೆಗೆ ಎಣ್ಣೆ ಬಿಡಿಸ್ಬೇಕಾ ದೊಡ್ಡಮ್ಮ?" ಎಂದು ರೇಗಿಸಿದರೆ, "ಬಾಗ್ಲು ಹಳೇದಾಯ್ತು ಕಣೇ" ಎಂದು ನಗುತ್ತಿದ್ದಳು.

ರೇಷ್ಮೆ ಹುಳು ಸಾಕುವ ಮನೆಯೊಳಗೆ ಯಾರೂ ದನಿ ಎತ್ತಬಾರದು ಎಂಬುದು ಅವಳ ಕಟ್ಟುನಿಟ್ಟು. ಪೊರೆ ಬಿಡುವ ಮೊದಲು ಹುಳು ಮೇವು ಮುಟ್ಟದೆ ಸುಮ್ಮನಿರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಹುಳ ಜ್ವರಕ್ಕೆ ಕೂತವೆ, ಮೆತ್ತಗೆ ಮಾತಾಡಮ್ಮ" ಎನ್ನುವಳು. ಆ ನಿಯಮ ದೊಡ್ಡಪ್ಪನಿಗೆ ಮಾತ್ರ ಇರಲಿಲ್ಲ. ಹುಳುವಿಗೆ ಸೊಪ್ಪು ತಡವಾದರೂ ಕೂಗಾಟ, ಸಾರು ಆರಿದರೂ ಕೂಗಾಟ. ಅಷ್ಟು ಹೊತ್ತೂ ದೊಡ್ಡಮ್ಮನ ಕೆನ್ನೆ ಗಂಟುಕಟ್ಟಿ ನಿಲ್ಲುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಡಲೆಕಾಯಿ, ಚಕ್ಕುಲಿ ಅವಳು ಯಾವಾಗಲೋ ಬಿಟ್ಟಿದ್ದಳಂತೆ. ಆ ಮನೆಯಲ್ಲಿ ಎರಡು ಹೊತ್ತೂ ರಾಗಿಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಎದುರಿಗೇ ಕೂತು ಉಣ್ಣುತ್ತಿದ್ದ ನಮಗೆ ಅವಳು ಅಗಿಯಲಾರಳು ಎಂದು ಗೊತ್ತಾಗಲೇ ಇಲ್ಲ. ಒಂದು ಬೆಳಿಗ್ಗೆ ಅವಳ ಬಾಯಿ ಬೆರಳು ತೂರುವಷ್ಟೂ ತೆರೆಯಲಿಲ್ಲ. ತುತ್ತು ತುಟಿಯ ಹತ್ತಿರವೇ ನಿಂತಿತು. ಅವಳ ಕಣ್ಣಲ್ಲಿ ಹೆದರಿಕೆ ನೋಡಿದ್ದು ಅದೇ ಮೊದಲು.

ದೊಡ್ಡಪ್ಪ, ನಾನು ಅವಳನ್ನು ಚಿಂತಾಮಣಿಗೆ ಕರೆದೊಯ್ದೆವು. ಅಲ್ಲಿನ ಹಲ್ಲಿನ ಡಾಕ್ಟರಮ್ಮ ದವಡೆಯ ಕೀಲನ್ನು ಒತ್ತಿ ನೋಡುತ್ತಾ ಕೇಳಿದರು. ಗದ್ದಕ್ಕೆ ಪೆಟ್ಟು ಬಿದ್ದಿತ್ತಾ? ಒಂದೇ ಕಡೆ ಅಗಿತೀರಾ? ಬೇರೆ ಕೀಲುಗಳೂ ನೋಯ್ತವಾ? ಎಲ್ಲಕ್ಕೂ ದೊಡ್ಡಪ್ಪನೇ, "ಏನೂ ಇಲ್ಲ ಮೇಡಂ, ಗಟ್ಟಿ ಜೀವ" ಎಂದರು.

"ಹಲ್ಲು ಕಚ್ಕೊಳ್ಳೋ ಅಭ್ಯಾಸ ಇದೆಯಾ?"

"ಇಲ್ವೇ ಇಲ್ಲ."

"ಅವರೇ ಹೇಳ್ಲಿ, ಬಿಡಿ."

ದೊಡ್ಡಪ್ಪನ ಮುಖ ಬಿಗಿಯಿತು. ಇದನ್ನೂ ನುಂಗಿಕೊಂಡರೆ ಇವಳು ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ನನಗೆನಿಸಿತು.

ದೊಡ್ಡಮ್ಮ ಹಲ್ಲಿನ ಸಂದಿಯಿಂದಲೇ ಹೇಳಿದಳು: "ಇವರು ಕೂಗ್ತಿರೋವಾಗೆಲ್ಲ ಕಚ್ಕೊಂಡೇ ಇರ್ತೀನಮ್ಮ. ಮದ್ವೆ ಆದಾಗಿಂದ."

"ಇದೊಂದೇ ಕಾರಣ ಅಂತ ಹೇಳೋಕಾಗಲ್ಲ, ಇದೂ ಇರ್ಬೋದು" ಎಂದ ಡಾಕ್ಟರಮ್ಮ, ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗದಂತೆ ಇರುವುದನ್ನು ಅವಳಿಗೆ ಕಲಿಸಿಕೊಟ್ಟರು.

ಊರಿಗೆ ಬಂದವರೇ ದೊಡ್ಡಪ್ಪ ಹುಳುಮನೆಯ ಬಾಗಿಲಲ್ಲಿ ಶುರು ಮಾಡಿದರು: "ಹೊರಗಿನೋರ ಮುಂದೆ ಮಾನ ತೆಗೆದ್ಯಲ್ಲೇ."

ದೊಡ್ಡಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. "ಇಲ್ಲಿ ಬೇಡ, ತೋಟಕ್ಕೆ ಬನ್ನಿ. ನಾನೂ ಮಾತಾಡೋದಿದೆ."

ಹಿಪ್ಪುನೇರಳೆ ಸಾಲಿನ ಪಕ್ಕ ಅವಳು ಮಾತಾಡುತ್ತಿದ್ದುದನ್ನು, ಅವರು ತಲೆ ತಗ್ಗಿಸಿ ನಿಂತಿದ್ದುದನ್ನು ದೂರದಿಂದ ನೋಡಿದೆ. ಕೂಗಾಟ ಆಮೇಲೂ ಪೂರ್ತಿ ನಿಲ್ಲಲಿಲ್ಲ. ಆದರೆ ದೊಡ್ಡಮ್ಮನಿಂದ ಉತ್ತರ ಬರತೊಡಗಿತು. ದವಡೆಯೂ ನಿಧಾನವಾಗಿ ಸಡಿಲವಾಯಿತು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಈಚೆಗೆ, ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. "ಮದ್ವೆ ಆದ್ಮೇಲೆ ಕೆಲಸ ಬಿಡ್ತೀಯೇನಮ್ಮ?" ಎಂದು ಕೇಳಿದ್ದು ನನ್ನನ್ನು. "ಬಿಡ್ತಾಳೆ" ಎಂದದ್ದು ಅಪ್ಪ. ನನ್ನ ಹಲ್ಲು ಹಲ್ಲಿಗೆ ಕೂತಿತು. ದೊಡ್ಡಮ್ಮನನ್ನು ನೋಡಿರದಿದ್ದರೆ ಅದು ನನ್ನ ಗಮನಕ್ಕೇ ಬರುತ್ತಿರಲಿಲ್ಲ.

"ಇಲ್ಲಪ್ಪ," ಎಂದೆ, "ಬಿಡಲ್ಲ."