ಬಿದಿರು ಸತ್ತ ವರ್ಷದ ಬೆಂಕಿ

ನಮ್ಮವರು ಭದ್ರಾವತಿಯ ಆಚೆಯ ಕಾಡಿನಲ್ಲಿ ಗಾರ್ಡಾಗಿದ್ದರು. ಅಲ್ಲಿ ಪ್ರತಿ ಬೇಸಿಗೆಯೂ ಬೆಂಕಿ ಬೀಳುತ್ತಿತ್ತು, ತರಗೆಲೆ ಸುಟ್ಟು ಸಂಜೆಯೊಳಗೆ ತಾನೇ ಆರುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯುದ್ಧದ ಕಾಲದ ಒಂದು ವರ್ಷ ಮಾತ್ರ ಅದು ನಾಲ್ಕು ದಿನ ಉರಿಯಿತು. ಹಸಿ ಮರಗಳೂ ಕರಕಲಾದವು.

ತನಿಖೆಗೆ ಶಿವಮೊಗ್ಗದಿಂದ ರೇಂಜರು ಬಂದರು. ದನ ಕಾಯುವವರ ಬೀಡಿಯೇ ಕಾರಣವೆಂದು ದಾರಿಯಲ್ಲೇ ತೀರ್ಮಾನಿಸಿಕೊಂಡು ಬಂದಂತಿತ್ತು. ಕಾಡಿಗೆ ಜನರನ್ನು ಬಿಟ್ಟ ಗಾರ್ಡಿನ ಕೆಲಸ ಹೋಗುತ್ತದೆ ಎಂದರು. ಜನರನ್ನು ಕಾಡಿಗೆ ಕರೆದೊಯ್ದವಳು ನಾನೇ.

ಬಿದಿರು ಹೂ ಬಿಟ್ಟರೆ ಅಕ್ಕಿಯಂಥ ಕಾಳು ಉದುರಿಸಿ ಸಾಯುತ್ತದೆ. ಆ ವರ್ಷ ಹಳ್ಳದ ಈಚೆಯ ಮೆಳೆಗಳು ಹೂ ಬಿಟ್ಟಿದ್ದವು. ಅಂಗಡಿಯಲ್ಲಿ ಅಕ್ಕಿ ಸಿಗದ ದಿನಗಳು ಅವು. ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ, ಬಿದಿರು ಮೆಳೆಗಳ ಬುಡವನ್ನು ಮನೆಯಂಗಳದಂತೆ ಗುಡಿಸಿ, ಉದುರಿದ ಅಕ್ಕಿ ಬಳಿದು ತರುತ್ತಿದ್ದೆ. ನಮ್ಮವರು ಕಂಡೂ ಕಾಣದಂತಿದ್ದರು. ಈಗ ಕೆಲಸ ಹೋದರೆ ಸರ್ಕಾರ ಕೊಟ್ಟ ಮನೆಯೂ ಹೋಗುತ್ತದೆ, ತವರಿನಲ್ಲಿ ಅತ್ತಿಗೆಯ ಕೈಕೆಳಗೆ ಬಾಳಬೇಕು. ಅದಕ್ಕಿಂತ ಕಾಡಿನ ಬೆಂಕಿಯೇ ವಾಸಿ.

ರೇಂಜರು ಕಾಡು ಸುತ್ತಿ ಬಂದು ನಮ್ಮ ಜಗಲಿಯಲ್ಲಿ ಕೂತರು.

"ಬೆಂಕಿ ಹಳ್ಳದ ಹತ್ರ ನಿಂತುಬಿಟ್ಟಿದೆ. ಈಚೆ ನೆಲ ಗುಡಿಸಿದ ಹಾಗಿದೆ. ಯಾರ್ರೀ ಗುಡಿಸಿದ್ದು?"

ನಮ್ಮವರು ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ.

"ನಾನು ಸ್ವಾಮಿ, ಬಿದಿರಕ್ಕಿಗೆ ಗುಡಿಸಿದ್ದು. ಇವರದ್ದೇನೂ ತಪ್ಪಿಲ್ಲ. ಬೀಡಿ ಕಿಡಿ ವರ್ಷವರ್ಷಾನೂ ಬೀಳತ್ತೆ. ಹೋದ ವರ್ಷ ಸತ್ತ ಬಿದಿರು ಹಳ್ಳದಾಚೆ ರಾಶಿ ಬಿದ್ದಿತ್ತು. ಕಡ್ಕೊಂಡು ಹೋಗ್ತೀವಿ ಅಂದ್ರೆ ನೀವೇ ಬೇಡ ಅಂದ್ರಿ. ಒಣಸೌದೆ ಒಟ್ಟಿ, ಕಿಡಿಗೆ ಬಯ್ದ್ರೆ ಆಗತ್ತಾ?"

ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡೆ.

ರೇಂಜರು ಮೊದಲೇ ಬರೆದಿಟ್ಟಿದ್ದ ವರದಿಯ ಕಾಗದ ಹರಿದು, ಬೇರೆ ಬರೆದು, ಗಟ್ಟಿಯಾಗಿ ಓದಿದರು. ಸತ್ತ ಬಿದಿರಿನಿಂದ ಬೆಂಕಿ ಹೆಚ್ಚಿತು, ಗುಡಿಸಿದ ನೆಲದಿಂದಾಗಿ ಈಚೆಯ ಕಾಡು ಉಳಿಯಿತು, ಗಾರ್ಡಿನ ತಪ್ಪಿಲ್ಲ. ನಮ್ಮವರು ಗೋಡೆಗೊರಗಿ ಕೂತೇಬಿಟ್ಟರು. ಸತ್ತ ಬಿದಿರನ್ನು ಊರವರು ಒಯ್ಯಲಿ ಎಂದೂ ರೇಂಜರು ಕೊನೆಗೆ ಒಂದು ಸಾಲು ಸೇರಿಸಿದ್ದರು.

ಹೊರಡುವಾಗ ಅವರು ದನಿ ತಗ್ಗಿಸಿ ಕೇಳಿದರು: "ಅಮ್ಮಾ, ಆ ಅಕ್ಕಿ ಇನ್ನೂ ಇದೆಯಾ? ನಮ್ಮನೇಲೂ ಸಾಲ್ತಿಲ್ಲ."

ಎರಡು ಸೇರು ಅಳೆದು ಅವರ ಚೀಲಕ್ಕೆ ಸುರಿದೆ. ಅವರು ಬೇಲಿ ದಾಟುವವರೆಗೂ ಹೇಗೋ ತಡೆದುಕೊಂಡು, ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಸಮಾಧಾನವಾಗುವಷ್ಟು ಅತ್ತೆ.