ಲಾರೆಲ್ ಕಣಿವೆಯ ಕೆಂಡ

ತಾನು ಹುಟ್ಟಿದ ಮನೆಗೆ ವರ್ಡಿ ಸ್ಟಿಡಮ್ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದಳು. ಬಾಗಿಲ ಬೀಗ ತೆಗೆದು, ಅಜ್ಜಿಯ ಕಾಲದ ಉದ್ದ ಲಂಗದ ಮೇಲೆ ಏಪ್ರನ್ ಕಟ್ಟಿಕೊಂಡು, ಬಂದವರಿಗೆಲ್ಲ ಹೇಳುತ್ತಿದ್ದಳು: "ಹಗ್ಗ ದಾಟಬೇಡಿ, ಕುರ್ಚಿ ಮುಟ್ಟಬೇಡಿ." ಹಗ್ಗದ ಆಚೆಗಿದ್ದ ಮಂಚದ ಮೇಲೆಯೇ ಅವಳ ತಾಯಿ ಅವಳನ್ನು ಹೆತ್ತಿದ್ದು. ಅದನ್ನು ಮಾತ್ರ ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಮರದ ದಿಮ್ಮಿಯ ಆ ಮನೆ ಮೊದಲು ಇದ್ದದ್ದು ಲಾರೆಲ್ ಕಣಿವೆಯಲ್ಲಿ, ತೊರೆಯ ಪಕ್ಕ. ತಾಯಿ ಹೋದ ಮೇಲೆ ಮಾಡು ಕುಸಿಯತೊಡಗಿತು. ಆಗ ಕೌಂಟಿಯ ಪರಂಪರೆ ಸಮಿತಿಯವರು ಬಂದು ಕೇಳಿದರು, ವರ್ಡಿ ಹೂಂ ಅಂದಳು. ದಿಮ್ಮಿಗಳನ್ನು ಬಿಚ್ಚಿ, ಗೋಡೆಯಲ್ಲಿ ಕಟ್ಟಿದ್ದ ದೊಡ್ಡ ಒಲೆಯ ಕಲ್ಲುಗಳನ್ನು ಲಾರಿಗೆ ಹೇರಿ, ಪೇಟೆಯಲ್ಲಿ ನ್ಯಾಯಾಲಯದ ಹಿಂದಿನ ಬಯಲಲ್ಲಿ, ಹಳೇ ಕಾಲದ ಹಳ್ಳಿಯ ಪ್ರದರ್ಶನಕ್ಕೆಂದು ಮತ್ತೆ ನಿಲ್ಲಿಸಿದರು. ಒಂದು ಕಡೆ ಹಳೇ ಜೋಳದ ಗಿರಣಿ, ಇನ್ನೊಂದು ಕಡೆ ಕಮ್ಮಾರನ ಚಪ್ಪರ. ಎಲೆ ಕೆಂಪಾಗುವ ಕಾಲದಲ್ಲಿ ಬಸ್ಸುಗಟ್ಟಲೆ ಜನ ಬಂದು ನೋಡಿಕೊಂಡು, ಸೇಬಿನ ಜ್ಯಾಮ್ ಕೊಂಡು ಹೋಗುತ್ತಿದ್ದರು.

ಎಲ್ಲವೂ ಇತ್ತು, ವಾಸನೆ ಒಂದಿರಲಿಲ್ಲ. ಹೊಗೆ, ಬೇಯುವ ಒಣಹುರುಳಿಕಾಯಿ, ಒದ್ದೆ ಉಣ್ಣೆ, ಎಲ್ಲ ಕೂಡಿದ ತಾಯಿಯ ವಾಸನೆ ಅದು. ಈಗ ಒಲೆಯಲ್ಲಿ ಎಂದೂ ಉರಿಯದ ನಾಲ್ಕು ಕೊರಡುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು. ಆ ಸೌದೆಯ ಧೂಳು ಒರೆಸುವುದೂ ವರ್ಡಿಯ ಕೆಲಸವೇ. ಒರೆಸುತ್ತ ಬಗ್ಗಿದಾಗೆಲ್ಲ ಅವಳಿಗೆ ನೆನಪಾಗುತ್ತಿತ್ತು: ಬೇಸಿಗೆಯ ರಾತ್ರಿ, ಕೆಂಡವನ್ನು ಮೂಲೆಗೆ ಎಳೆದು ಬೂದಿ ಮುಚ್ಚಿದ ಮೇಲೆ, ತಾನೂ ಅಣ್ಣ ಹೋಬರ್ಟನೂ ಒಲೆಯೊಳಗೆ ತಲೆಯಿಟ್ಟು ಮಲಗಿ ಹೊಗೆಗೂಡಿನ ತುದಿಯಲ್ಲಿ ಕಾಣುವ ಒಂದೇ ಒಂದು ನಕ್ಷತ್ರಕ್ಕಾಗಿ ಜಗಳಾಡುತ್ತಿದ್ದದ್ದು.

ಆ ಬೆಂಕಿ ಅವರ ಕಾಲದಲ್ಲಿ ಒಮ್ಮೆಯೂ ಆರಿರಲಿಲ್ಲ. ಅಜ್ಜಿ ಮದುವೆಯಾಗಿ ಬೆಟ್ಟ ದಾಟಿ ಬರುವಾಗ ತನ್ನ ತಾಯಿಯ ಒಲೆಯಿಂದ ಕಬ್ಬಿಣದ ಪಾತ್ರೆಯಲ್ಲಿ ತಂದ ಕೆಂಡವದು. ಕೊನೆಗಾಲದಲ್ಲಿ ತಾಯಿ ಕಣಿವೆಯಲ್ಲೇ ಇದ್ದ ಹೋಬರ್ಟನ ಮನೆಗೆ ಹೋದಾಗ ಅದೇ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿದ್ದಳು. ಹೋಬರ್ಟ್ ಇವತ್ತಿಗೂ ಅದನ್ನು ಆರಲು ಬಿಟ್ಟಿರಲಿಲ್ಲ.

ಆ ವರ್ಷ ಎಲೆಹಬ್ಬಕ್ಕೆ ಮುಂಚೆ, ಪ್ರದರ್ಶನದ ಹಳ್ಳಿಯ ಉಸ್ತುವಾರಿ ನೋಡಿಕೊಳ್ಳುವ ಹುಡುಗಿ ಲಿನೆಟ್ ಬಂದು ಹೇಳಿದಳು: "ಮಿಸ್ ವರ್ಡಿ, ಹಬ್ಬದ ದಿನ ನಿಮ್ಮ ಒಲೇಲಿ ನಿಜವಾದ ಬೆಂಕಿ ಹಾಕೋಣ. ಒಂದೇ ಸಲ ಕಣ್ರೀ. ಆಮೇಲೆ ಕರೆಂಟಿನ ಬೆಂಕಿ ಬರ್ತದೆ."

"ಕರೆಂಟಿನ ಬೆಂಕಿ ಅಂದ್ರೆ?"

"ಕೆಂಪು ದೀಪ, ಒಂದು ಫ್ಯಾನು, ರೇಷ್ಮೆ ಬಟ್ಟೆ. ಥೇಟ್ ಉರಿ ಥರಾನೇ ಆಡ್ತದೆ."

"ಅದರ ಮೇಲೆ ಹುರುಳಿಕಾಯಿ ಬೇಯ್ತದಾ?"

ಲಿನೆಟ್ ನಕ್ಕಳು. ವರ್ಡಿ ನಗಲಿಲ್ಲ. "ಆ ಒಂದು ಸಲದ ಬೆಂಕಿ ನಾನು ತರ್ತೀನಿ. ಕಡ್ಡಿ ಗೀರಬೇಡಿ," ಅಂದಳು.

ಮರುದಿನವೇ ಅವಳು ಕಣಿವೆಗೆ ಹೋದಳು. ಮನೆ ಕೊಟ್ಟಾಗಿನಿಂದ ಅಣ್ಣನ ಮನೆಯಲ್ಲಿ ಅವಳು ಕೂತದ್ದಿಲ್ಲ. ಮನೆ ಬೀಳುವುದಾದರೆ ನಿಂತ ಜಾಗದಲ್ಲೇ ಬೀಳಬೇಕಿತ್ತು ಅನ್ನುವುದು ಅವನ ಹಟ. ವರ್ಷಕ್ಕೆ ಎರಡು ಮೂರು ಸಲ ಬಂದು, ಜಗಲಿಯ ಮೇಲೆ ನಿಂತೇ ಕ್ಷೇಮ ವಿಚಾರಿಸಿ ಹೊರಟುಬಿಡುತ್ತಿದ್ದಳು. ಆ ಕಡೆ ಬೆಂಕಿ ಕೇಳಲು ಬಂದವರು ಕೂರುವುದಿಲ್ಲ. ಅವರ ಮನೆಯ ಒಲೆ ತಣ್ಣಗೆ ಕಾಯುತ್ತಿರುತ್ತದಲ್ಲ. ಆದ್ದರಿಂದ ಬೆಂಕಿ ಕೇಳೋಕೆ ಬಂದ್ಯಾ ಎಂದು ಹೋಬರ್ಟ್ ಪ್ರತಿ ಸಲ ಚುಚ್ಚುತ್ತಿದ್ದ.

ಅವತ್ತೂ ಬಿಡಲಿಲ್ಲ. "ಬಂದ್ಯಾ? ನಿಂತೇ ಇರ್ತೀಯಾ ತಾನೇ? ಬೆಂಕಿ ಕೇಳೋಕೆ ಬಂದೋಳ ಹಾಗೆ."

"ಹೌದು ಹೋಬರ್ಟ್. ಬೆಂಕಿ ಕೇಳೋಕೇ ಬಂದೆ."

ಅವನು ತಂಬಾಕು ಜಗಿಯುವುದನ್ನು ನಿಲ್ಲಿಸಿದ. ಅವಳು ಎಲ್ಲ ಹೇಳಿದಳು.

"ಊರೂರಿನೋರಿಗೆ ಫೋಟೋ ಹೊಡೆಯೋಕೆ ಅಮ್ಮನ ಬೆಂಕಿ ಕೊಡ್ಲಾ?"

"ಊರೋರಿಗಲ್ಲ. ಆ ಒಲೆಗೆ. ಒಂದೇ ಒಂದು ದಿನ ಆ ಮನೇಲಿ ಆ ಬೆಂಕಿ ನೋಡ್ಬೇಕು ನಂಗೆ. ಆಮೇಲೆ ಬಟ್ಟೆ ಆದ್ರೂ ಕುಣಿಸ್ಲಿ, ಕೋತಿ ಆದ್ರೂ ಕುಣಿಸ್ಲಿ."

ಹೋಬರ್ಟ್ ತಂಬಾಕನ್ನು ಅಂಗಳಕ್ಕೆ ಉಗಿದ. "ನೀನು ಕೊಂಡೊಯ್ಯೋದು ಬೇಡ," ಅಂದ. "ದಾರೀಲಿ ಯಾರ ಜೊತೆಗಾದ್ರೂ ಮಾತಿಗೆ ನಿಂತು ಆರಿಸಿಬಿಡ್ತೀಯ. ನಾನೇ ತರ್ತೀನಿ."

ಹಬ್ಬದ ಬೆಳಿಗ್ಗೆ ಅವನ ತುಕ್ಕು ಹಿಡಿದ ಪಿಕಪ್ ಗಾಡಿ ಬಂತು. ಪಕ್ಕದ ಸೀಟಿನಲ್ಲಿ ಅಜ್ಜಿಯ ಕಬ್ಬಿಣದ ಪಾತ್ರೆಯನ್ನು ಬೆಲ್ಟು ಬಿಗಿದು ಕೂರಿಸಿದ್ದ. ಮನೆ ಬಂದು ನಿಂತ ಜಾಗಕ್ಕೆ ಅವನು ಕಾಲಿಟ್ಟದ್ದು ಅದೇ ಮೊದಲು. ಬಾಗಿಲ ಚೌಕಟ್ಟಿನಲ್ಲಿ ತಮ್ಮಿಬ್ಬರ ಎತ್ತರಕ್ಕೆ ತಂದೆ ಚಾಕುವಿನಿಂದ ಕೊರೆದ ಗೆರೆಗಳನ್ನು ಹೆಬ್ಬೆರಳಿಂದ ಸವರಿದ.

ವರ್ಡಿ ಹಗ್ಗ ಬಿಚ್ಚಿದಳು. ಹೋಬರ್ಟ್ ಮೊಣಕಾಲೂರಿ, ಬೂದಿ ಸರಿಸಿ, ಕೆಂಡಗಳನ್ನು ಒಲೆಗೆ ಸುರಿದು, ಮೇಲೆ ಸಿಬುರು ಇಟ್ಟು ಊದಿದ. ಉರಿ ಎದ್ದಿತು. ಕಪ್ಪಾದ ಹಳೇ ಕಲ್ಲುಗಳ ಮೇಲೆ ಬೆಳಕು ಹರಿದಾಡಿತು. ವರ್ಡಿಗೆ ಒಂದು ಗಳಿಗೆ ತಾಯಿಯ ಬೆನ್ನು ಕಂಡಂತಾಯಿತು.

ಆಮೇಲೆ ಹೊಗೆ ತಿರುಗಿತು. ಮೇಲಕ್ಕೆ ಹೋದದ್ದೆಲ್ಲ ಕೆಳಗಿಳಿದು, ಕೋಣೆಯನ್ನು ತುಂಬಿ, ಬಾಗಿಲಿನಿಂದ ಹೊರಗೆ ಉಕ್ಕಿತು. ನೋಡಲು ಸೇರಿದ್ದ ಜನ ಕೆಮ್ಮುತ್ತ ಓಡಿದರು. "ಥೇಟ್ ಹಳೇ ಕಾಲ!" ಎಂದು ಯಾರೋ ಕೂಗಿ ನಕ್ಕರು. ಲಿನೆಟ್ ಬಕೆಟ್ಟು ಹಿಡಿದು ಬಂದಳು.

"ನೀರು ಹಾಕ್ಬೇಡ! ನಿನ್ ದಮ್ಮಯ್ಯ, ನೀರು ಹಾಕ್ಬೇಡ!" ವರ್ಡಿ ಒಲೆಗೆ ಅಡ್ಡ ನಿಂತಳು.

ಹೋಬರ್ಟ್ ಸಲಿಕೆಯಿಂದ ಕೆಂಡಗಳನ್ನು ಮತ್ತೆ ಪಾತ್ರೆಗೆ ತುಂಬಿ ಮುಚ್ಚಳ ಹಾಕಿದ. ಹೊಗೆ ತಿಳಿಯಾದ ಮೇಲೆ, ಆ ವಯಸ್ಸಿನಲ್ಲೂ ನೆಲಕ್ಕೆ ಬೆನ್ನು ಹಚ್ಚಿ ಒಲೆಯೊಳಗೆ ತಲೆಯಿಟ್ಟ.

"ವರ್ಡಿ, ಬಾ ಇಲ್ಲಿ."

ಅವಳೂ ಪಕ್ಕದಲ್ಲಿ ಮಲಗಿ ಮೇಲೆ ನೋಡಿದಳು. ಆಕಾಶವಿರಲಿಲ್ಲ. ಮತ್ತೆ ಕಟ್ಟುವಾಗ, ಮಳೆ, ಹಕ್ಕಿಗಳು ಒಳಗೆ ಬಾರದಿರಲೆಂದು ಯಾರೋ ಹೊಗೆಗೂಡಿನ ತುದಿಗೆ ಚಪ್ಪಡಿಯಿಟ್ಟು ಸಿಮೆಂಟು ಮೆತ್ತಿದ್ದರು. ಇಲ್ಲಿ ಬೆಂಕಿ ಉರಿದೀತೆಂದು ಯಾರಿಗೂ ಅನ್ನಿಸಿರಲಿಲ್ಲ.

"ಅಯ್ಯೋ, ಇದು ನಂಗೂ ಗೊತ್ತಿರಲಿಲ್ಲ ಮಿಸ್ ವರ್ಡಿ," ಅಂದಳು ಲಿನೆಟ್. ಅವಳ ಕಣ್ಣೂ ಹೊಗೆಗೆ ಕೆಂಪಾಗಿತ್ತು.

"ನಿನ್ನ ತಪ್ಪೇನಿಲ್ಲ ಮಗಳೇ," ಅಂದಳು ವರ್ಡಿ. ಅವಳಿಗೆ ಏಳುವುದಕ್ಕೆ ಮನಸ್ಸಾಗಲಿಲ್ಲ. ಇದೇ ಕಲ್ಲು, ಇದೇ ದಿಮ್ಮಿ, ಪಕ್ಕದಲ್ಲಿ ಅದೇ ಅಣ್ಣ. ಮೇಲೆ ಮಾತ್ರ ಕತ್ತಲೆ.

ಹೋಬರ್ಟ್ ಬೈಯಬಹುದು ಅಂದುಕೊಂಡಿದ್ದಳು. ಬೈಯಲಿಲ್ಲ. "ಏಳು," ಅಂದ. "ಒಲೆ ಸಿಗದ ಕೆಂಡ ಹೊರಟ ಒಲೆಗೇ ವಾಪಸ್ ಹೋಗ್ಬೇಕು ಅಂತಿದ್ಲು ಅಮ್ಮ. ಒಬ್ಬನೇ ಗಾಡಿ ಓಡಿಸ್ತಾ ಪಾತ್ರೆ ನೋಡ್ಕೊಳೋಕಾಗಲ್ಲ."

"ಬರ್ತಾ ಬೆಲ್ಟ್ ಹಾಕಿ ತಂದ್ಯಲ್ಲ?"

"ಬೆಲ್ಟು ಕಿತ್ತೋಗಿದೆ."

ಕಿತ್ತುಹೋಗಿರಲಿಲ್ಲ. ವರ್ಡಿ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಗಾಡಿ ಹತ್ತಿ, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೆಳಗೆ ಕಂಬಳಿ ಮಡಚಿಟ್ಟರೂ ಬಿಸಿ ತಾಗುತ್ತಿತ್ತು. ಗಿರಣಿ, ಕಮ್ಮಾರನ ಚಪ್ಪರ, ಜ್ಯಾಮಿನ ಅಂಗಡಿ ಹಿಂದೆ ಸರಿದವು. ಮನೆ ಕಾಣುವಷ್ಟು ದೂರವೂ ಅವಳು ತಿರುಗಿ ನೋಡುತ್ತಲೇ ಇದ್ದಳು. ಕಿಟಕಿಯಿಂದ ಉಳಿದ ಹೊಗೆ ಸಣ್ಣಗೆ ಏಳುತ್ತಿತ್ತು. ದೂರದಿಂದ ನೋಡಿದವರು ಒಳಗೆ ಯಾರೋ ಅಡುಗೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು.

ಕಣಿವೆ ತಲುಪಿದಾಗ ಕೆಂಡ ಇನ್ನೂ ಜೀವ ಹಿಡಿದಿತ್ತು. ಹೋಬರ್ಟ್ ಅದನ್ನು ತನ್ನ ಒಲೆಗೆ ಸುರಿದ. ಹೊಗೆ ನೆಟ್ಟಗೆ ಮೇಲೇರಿತು. ವರ್ಡಿ ಅಭ್ಯಾಸದಂತೆ ಬಾಗಿಲಲ್ಲೇ ನಿಂತಿದ್ದಳು. ಅವಳ ಉಣ್ಣೆಯ ಶಾಲಿನಿಂದ, ಕೂದಲಿನಿಂದ, ಆ ಹಳೇ ವಾಸನೆ ಏಳುತ್ತಿತ್ತು.

"ಈಗ ಬೆಂಕಿ ತಗೊಂಡು ಹೋಗೋಕಂತೂ ಬಂದಿಲ್ವಲ್ಲ," ಅಂದ ಹೋಬರ್ಟ್, ಒಲೆಯಿಂದ ಮುಖ ತಿರುಗಿಸದೆ.

ವರ್ಡಿ ಒಳಗೆ ಬಂದು ಕೂತಳು.