ಒಂದು ಗೇಣು ಆರು ಬೊಟ್ಟಿನ ಕಂಪ್ಯೂಟರ್

ಕೌದಿಗೆ ಒಂದು ಹಸಿರು ತುಂಡು ಕಡಿಮೆ ಬಿತ್ತೆಂದು ಇವತ್ತು ಬೆಳಿಗ್ಗೆ ಬಟ್ಟೆ ಚೂರುಗಳ ಡಬ್ಬಿ ತೆಗೆದೆ. ತೆಗೆದ ಕೂಡಲೇ ಮೂಗಿಗೆ ಬಂದದ್ದು ಹಳೆಯ ಸೀರೆಗಳ ವಾಸನೆಯಲ್ಲ, ಅಂಗಡಿಯಿಂದ ಈಗಷ್ಟೇ ತಂದ ಮಿಕ್ಸರಿನ ವಾಸನೆ. ಐದು ವರ್ಷದಿಂದ ನನ್ನ ಚೂರುಗಳು ಅದರಲ್ಲಿ ಮಲಗಿವೆ, ಆದರೂ ಡಬ್ಬಿ ಮಾತ್ರ ಸೋತಿಲ್ಲ. ಮುಚ್ಚಳದ ಮೇಲೆ ಕೋರೆಹಲ್ಲಿನ ಒಬ್ಬ ರಾಕ್ಷಸ ಇದ್ದಾನೆ, ಅವನ ಕಣ್ಣೊಳಗೆ ನೇರಳೆ ಬಣ್ಣದ ಬೆಂಕಿ. ಮನೆಗೆ ಬಂದವರು ಅವನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. "ಹೆದರಬ್ಯಾಡ್ರಿ, ಒಳಗ ಕುಬಸದ ಚೂರು ಅದಾವ" ಅನ್ನುತ್ತೇನೆ.

ಮೇಘಾ, ತನು, ಈ ಡಬ್ಬಿ ಮನೆಗೆ ಬಂದ ಕಥೆಯನ್ನು ನೀವು ಅಕ್ಕತಂಗಿ ಸೇರಿ ಎಲ್ಲರಿಗೂ ಹೇಳಿದ್ದೀರಿ. ನಿಮ್ಮ ಕಥೆಯಲ್ಲಿ ನಾನು ಝಾನ್ಸಿ ರಾಣಿಯ ಹಾಗೆ ಇರುತ್ತೇನೆ, ಕುದುರೆ ಒಂದೇ ಕಡಿಮೆ. ನಡೆದದ್ದು ಹಾಗಲ್ಲ. ನಾನೇ ಬರೆದಿಟ್ಟುಬಿಡುತ್ತೇನೆ.

ಮೊದಲು ನನ್ನ ನಾಚಿಕೆಯ ಅಳತೆ ನಿಮಗೆ ಗೊತ್ತಾಗಬೇಕು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮಾಸ್ತರರು ಹೆಸರು ಕೂಗಿದಾಗ ನಾನು "ಹಾಜರ್ ರೀ" ಅನ್ನುತ್ತಿದ್ದದ್ದು ನನ್ನ ಪಾಟಿಗೆ ಮಾತ್ರ ಕೇಳುತ್ತಿತ್ತು. ಎಷ್ಟೋ ದಿನ ಎದುರಿಗೇ ಕೂತು ಗೈರುಹಾಜರಾದವಳು ನಾನು. ಮದುವೆಯಾಗಿ ನಿಮ್ಮ ಅಜ್ಜನ ಜೊತೆ ಹೈದರಾಬಾದಿಗೆ ಬಂದೆ. ಅವರಿಗೆ ಸರಕಾರಿ ಕಾರ್ಖಾನೆಯಲ್ಲಿ ಕೆಲಸ, ಮನೆ ನಾಚಾರಂನಲ್ಲಿ. ಓಣಿಯಲ್ಲಿ ತೆಲುಗು, ಬಜಾರದಲ್ಲಿ ಹಿಂದಿ, ಒಳಗೆ ಕನ್ನಡ. ಮೂರೂ ಭಾಷೆಯಲ್ಲಿ ಸುಮ್ಮನಿರಲು ನಾನು ಬೇಗ ಕಲಿತೆ.

ಅಂಗಡಿಗೆ ಹೋದರೆ ಮಾತು ಅಜ್ಜನದು, ಚಿವುಟುವುದು ನನ್ನದು. ಅವರ ಎಡಗೈಯ ಹಿಂದೆ ನಿಂತು ಒಂದು ಸಲ ಚಿವುಟಿದರೆ ಬೇಡ, ಎರಡು ಸಲ ಚಿವುಟಿದರೆ ಹೌದು. ಪಾತ್ರೆ, ಚಪ್ಪಲಿ, ಫ್ರಿಜ್ಜು, ನಿಮ್ಮ ಅಪ್ಪನ ಮದುವೆಯ ಜವಳಿ, ಎಲ್ಲ ಹೀಗೇ ಮನೆಗೆ ಬಂದವು. ಒಮ್ಮೆ ಮಾತ್ರ ಪರದೆ ಅಂಗಡಿಯಲ್ಲಿ ಒಂದು ಸೊಳ್ಳೆ ಅವರ ಕೈಗೆ ಎರಡು ಸಲ ಕಚ್ಚಿತು. ಅಜ್ಜ "ಇವನ್ನ ಕಟ್ರಿ" ಅಂದುಬಿಟ್ಟರು. ಹನ್ನೊಂದು ವರ್ಷ ನಮ್ಮ ಮನೆಯ ಕಿಟಕಿಗಳು ಗಿಳಿಯ ಬಣ್ಣದಲ್ಲಿದ್ದವು. ಇವತ್ತು ನಾನು ಹುಡುಕಿದ ಹಸಿರು ತುಂಡು ಅದೇ ಪರದೆಯದು.

ಅವರು ಹೋದ ಮೇಲೆ ನನಗೆ ಚಿವುಟಲು ಕೈ ಇಲ್ಲದಾಯಿತು. ಬುಟ್ಟಿ ಹಿಡಿದು ನಾವೇ ಸಾಮಾನು ಆರಿಸಿಕೊಳ್ಳುವ ಅಂಗಡಿಗಳಿಗೆ ಮಾತ್ರ ಹೋಗತೊಡಗಿದೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ಆ ಹೊತ್ತಿನಲ್ಲಿ ಮೇಘಾ, ನೀನು ಹನ್ನೆರಡನೆಯ ಕ್ಲಾಸು ಮುಗಿಸಿ, ಗೇಮ್ ಆಡುವ ಕಂಪ್ಯೂಟರ್ ಒಂದನ್ನು ಮನೆಯಲ್ಲೇ ಜೋಡಿಸುತ್ತೇನೆಂದು ಹಟ ಹಿಡಿದೆ. ಪಕ್ಕದ ಮನೆಯ ಮಕ್ಕಳಿಗೆ ಎರಡು ವರ್ಷ ಗಣಿತ ಹೇಳಿಕೊಟ್ಟು ಉಳಿಸಿದ್ದು ನಿನ್ನ ಹತ್ತಿರ ಇತ್ತು. ಉಳಿದದ್ದನ್ನು ಅಪ್ಪ ಕೊಡಲು ಒಪ್ಪಿದ. ಆದರೆ ಕರಾರು ಹಾಕಿದ.

"ನೋಡವಾ, ಒಂದೇ ಸಲ. ತಂದದ್ದು ಒಂದಕ್ಕೊಂದು ಕೂಡಲಿಲ್ಲಂದ್ರ ಮತ್ತ ನನ್ನ ಕಡೆ ಬರಂಗಿಲ್ಲ. ಹಂಗs ಗೋಣಿಚೀಲಕ್ಕ ತುಂಬಿ ಅಟ್ಟದ ಮ್ಯಾಲ ಇಡೂದು."

ಅಂದಿನಿಂದ ನಿನ್ನ ಊಟ ನಿದ್ದೆ ಎಲ್ಲ 'ಕೂಡತೈತೋ ಇಲ್ಲೋ' ಎಂಬುದರಲ್ಲೇ ಹೋಯಿತು. ದಿವಾನದ ಮೇಲೆ ನೀನು ಕಾಗದ ಹರಡಿಕೊಂಡು ಕೂತಿರುತ್ತಿದ್ದೆ. ಪ್ರೊಸೆಸರ್ ಎಂಬುದು ಕಂಪ್ಯೂಟರಿನ ತಲೆ, ಮದರ್‌ಬೋರ್ಡ್ ಎಂಬುದು ಎಲ್ಲರನ್ನೂ ಮೈಮೇಲೆ ಕೂರಿಸಿಕೊಳ್ಳುವ ಹಲಗೆ ಎಂದು ನನಗೆ ತಿಳಿಸಿ ಹೇಳಿದೆ. ಅಂಥ ಕೆಲಸಕ್ಕೆ ತಾಯಿಯ ಹೆಸರೇ ಇಟ್ಟಿದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು.

"ಆದ್ರ ಅಜ್ಜಿ, ಎರಡರದೂ ಸಾಕೆಟ್ ಒಂದೇ ಇರಬೇಕು. ಬ್ಯಾರೆ ಆದ್ರ ಕೂಡೂದಿಲ್ಲ."

"ಗೋತ್ರ ಇದ್ದಂಗ?"

"ಹೂಂ. ಆದ್ರ ಉಲ್ಟಾ. ಇಲ್ಲಿ ಸಗೋತ್ರನs ಆಗಬೇಕು."

ಇಂಥ ಮದುವೆ ಎಲ್ಲೂ ಕಂಡಿಲ್ಲ ಎಂದು ನಾನು ಅವರೆಕಾಯಿ ಸುಲಿಯಲು ಹೋದೆ.

ಇವೆಲ್ಲವನ್ನೂ ಒಳಗಿಡುವ ಪೆಟ್ಟಿಗೆಗೆ ಕ್ಯಾಬಿನೆಟ್ ಅನ್ನುತ್ತಾರೆ. ಅದನ್ನು ಆರಿಸುವ ಗೌರವವನ್ನು ನೀನು ನನಗೆ ಕೊಟ್ಟೆ. ಫೋನಿನಲ್ಲಿ ಎರಡು ತೋರಿಸಿದೆ. ಒಂದು ಗಾಜಿನದು, ಎತ್ತರ, ಮೀನು ಸಾಕುವ ತೊಟ್ಟಿಯ ಹಾಗೆ. ಇನ್ನೊಂದು ಬಿಳಿಯದು, ಸಣ್ಣದು, ಒರೆಸಲು ಸಲೀಸು. ಅಜ್ಜನ ಮೇಜಿನ ಮೇಲೆ, ನನ್ನ ಹೊಲಿಗೆ ಯಂತ್ರದ ಪಕ್ಕ, ಸಣ್ಣದೇ ಚಂದ ಕೂರುತ್ತದೆ ಅಂದೆ. ಅದು ಮನೆಗೆ ಬಂದ ದಿನ, ಧೂಳು ಕೂರಬಾರದೆಂದು ಒಂದು ಕೌದಿ ಗವಸು ಹೊಲಿಯಲು ಗೇಣು ಹಾಕಿ ಅಳೆದೆ. ಉದ್ದ ಒಂದು ಗೇಣು, ಅದರ ಮೇಲೆ ಆರು ಬೊಟ್ಟು, ಅಂದರೆ ಆರು ಬೆರಳಿನ ಅಗಲ. ನಾನು ಟೇಪು ಹಿಡಿದವಳಲ್ಲ. ಅಳತೆ ಕೈಯಲ್ಲಿ ಒಮ್ಮೆ ಕೂತರೆ ಏಳುವುದಿಲ್ಲ.

"ಅಜ್ಜಿ, ಕೌದಿ ಹೊಚ್ಚಿದ್ರ ಅದು ಒಳಗ ಬೆಂದು ಹೋಗತೈತಿ!" ಎಂದು ನೀನು ಗವಸನ್ನು ಕಿತ್ತುಕೊಂಡೆ. ಅದು ಈಗ ನಮ್ಮ ಟೋಸ್ಟರಿನ ಮೇಲಿದೆ.

ತನು, ಆಗ ನೀನು ಹತ್ತು ವರ್ಷದವಳು, ಮನೆಯ ಧ್ವನಿವರ್ಧಕ. ಕಂಪ್ಯೂಟರಿಗೆ ಬಣ್ಣದ ದೀಪ ಬೇಕೆಂದು ಮೂರು ದಿನ ಅತ್ತೆ. ಮೇಘಾ ಸೋತು, ಬಣ್ಣ ಬದಲಿಸುವ ಒಂದು ಫ್ಯಾನು ತಂದು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಒಳಗಡೆ ಕೂರಿಸಿದಳು. ಆ ಫ್ಯಾನನ್ನು ನೆನಪಿಡಿ.

ಉಳಿದದ್ದು ಒಂದೇ, ಗ್ರಾಫಿಕ್ಸ್ ಕಾರ್ಡು. ಎಲ್ಲಕ್ಕಿಂತ ತುಟ್ಟಿ, ಗೇಮಿನ ಜೀವವೇ ಅದರಲ್ಲಿದೆಯಂತೆ. ಅದನ್ನು ತರಲು ಸಿಕಂದರಾಬಾದಿನ ಕಂಪ್ಯೂಟರ್ ಬಜಾರಕ್ಕೆ ನಾವು ಮೂವರೂ ಹೊರಟೆವು. ನಾನು ನನ್ನ ಝಿಪ್ಪಿನ ಪರ್ಸಿನಲ್ಲಿ ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಒಂದು ಕಡೆ ಸರಿಸಿ, ಒಂದು ಖಾನೆ ಖಾಲಿ ಮಾಡಿಕೊಂಡೆ. ಕಾರ್ಡು ಅಂದಮೇಲೆ ಮಡಚಿಹೋಗದಂತೆ ತರಬೇಕಲ್ಲ.

ಅಂಗಡಿಯ ಖಲೀಲ್ ಭಾಯಿ ಒಳ್ಳೆಯ ಮನುಷ್ಯ, ಗಡ್ಡಕ್ಕೆ ಮೆಹಂದಿ. ಮೇಘಾ ಕೇಳಿದ ಕಾರ್ಡಿನ ನಮೂನೆಯನ್ನು ಗಾಜಿನ ಕಪಾಟಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು. ಧಡ್ ಅಂತು. ಇಟ್ಟಿಗೆಗಿಂತ ಉದ್ದ, ಮೈಮೇಲೆ ಮೂರು ಫ್ಯಾನು. ನಾನು ಪರ್ಸಿನ ಝಿಪ್ಪನ್ನು ಮೆಲ್ಲಗೆ ಮುಚ್ಚಿದೆ.

ಇದಕ್ಕೆ ಕಾರ್ಡು ಅನ್ನುವವರು ಲಾರಿಗೆ ಏನನ್ನಬಹುದು ಎಂದುಕೊಳ್ಳುತ್ತ, ಸುಮ್ಮನೆ ಕುತೂಹಲಕ್ಕೆ, ಅದರ ಮೇಲೆ ಗೇಣು ಹಾಕಿದೆ. ಒಂದು ಗೇಣು, ಐದು ಬೊಟ್ಟು. ಮತ್ತೊಮ್ಮೆ ಗೇಣು ಹಾಕಿದೆ, ಅಷ್ಟೇ. ಪೆಟ್ಟಿಗೆ ಹೊರಗಿನಿಂದಲೇ ಒಂದು ಗೇಣು ಆರು ಬೊಟ್ಟು. ಒಳಗೆ ತನುವಿನ ಫ್ಯಾನು ಕೂತಿದೆ, ಅದರ ದಪ್ಪವೇ ಒಂದೂವರೆ ಬೊಟ್ಟು.

ಅಷ್ಟರಲ್ಲಿ ಖಲೀಲ್ ಭಾಯಿ ಹೊಸದೊಂದು ಡಬ್ಬಿ ತಂದಿದ್ದರು, ಕೈಯಲ್ಲಿ ಬ್ಲೇಡು. "ಬೇಟಾ, ದೇಖ್ ಲೋ. ಸೀಲ್ ಖೋಲಾ ತೋ ವಾಪಸ್ ನಹಿ ಲೇತಾ ಮೈ" ಎಂದು ಮೊದಲೇ ಹೇಳಿದರು, ಸೀಲು ಒಡೆದರೆ ವಾಪಸಿಲ್ಲ ಅಂತ. ಮೇಘಾ, ನೀನು ನಗುತ್ತ ತಲೆಯಾಡಿಸಿದೆ. ನನಗೆ ಅಟ್ಟದ ಮೇಲಿನ ಗೋಣಿಚೀಲ ಕಂಡಿತು. ಸಣ್ಣ ಪೆಟ್ಟಿಗೆ ಆರಿಸಿದವಳು ನಾನೇ.

ನನ್ನ ಕೈ ತನಗೆ ಗೊತ್ತಿದ್ದ ಕೆಲಸವನ್ನು ಮಾಡಿತು. ನಿನ್ನ ಎಡಗೈಯ ಹಿಂದೆ ನಿಂತು ಒಂದು ಸಲ ಚಿವುಟಿದೆ.

"ಆಯ್! ಅಜ್ಜಿ, ಯಾಕ ಚೂಟಾಕತ್ತಿ?"

ಅಂಗಡಿಯೆಲ್ಲ ತಿರುಗಿ ನೋಡಿತು. ನಾನು ಅಂಗಡಿಯ ಸೀಲಿಂಗ್ ಫ್ಯಾನಿನ ಕಡೆ ನೋಡಿದೆ. ಬ್ಲೇಡು ಡಬ್ಬಿಯ ಹತ್ತಿರ ಬಂತು. ಮತ್ತೊಂದು ಸಲ ಚಿವುಟಿದೆ. ಚಿವುಟಿದ ಮೇಲೆ ನೆನಪಾಯಿತು, ಎರಡು ಸಲ ಅಂದರೆ ಹೌದು! ಗಾಬರಿಯಲ್ಲಿ ಮೂರನೆಯದನ್ನೂ ಚಿವುಟಿದೆ. ಅದಕ್ಕೆ ಅರ್ಥವೇ ಇಲ್ಲ.

"ಅಕ್ಕಾ, ಅಜ್ಜಿಗೆ ಬಾತ್‌ರೂಮಿಗೆ ಹೋಗಬೇಕಂತ ಕಾಣ್ತೈತಿ!" ತನು, ಇದು ನೀನು. ಇಡೀ ಬಜಾರಕ್ಕೆ ಕೇಳುವ ಹಾಗೆ.

ಆಗ ನನ್ನ ಬಾಯಿಂದ ಒಂದು ಧ್ವನಿ ಬಂತು. ನಾಚಾರಂನ ಕಾರ್ಖಾನೆಯ ಪಾಳಿಯ ಸೈರನ್ನೇ ಅನ್ನಿ. "ನಕ್ಕೋ! ವದ್ದು! ಬ್ಯಾಡಾ!" ಹೈದರಾಬಾದಿನಲ್ಲಿ ಮೂರು ಭಾಷೆಯಲ್ಲಿ ಇಷ್ಟು ವರ್ಷ ನುಂಗಿಕೊಂಡ 'ಬೇಡ' ಒಟ್ಟಿಗೇ ಹೊರಬಿತ್ತು. ಖಲೀಲ್ ಭಾಯಿ ಬ್ಲೇಡನ್ನು ಕೆಳಗಿಟ್ಟು ಎರಡೂ ಕೈ ಮೇಲೆತ್ತಿದರು.

"ಮೇಘಾ, ಇದು ಹಿಡಸೂದಿಲ್ಲ. ತನುನ ಫ್ಯಾನಿಗೆ ತಾಗತೈತಿ. ಅರ್ಧ ಬೊಟ್ಟು ಹೆಚ್ಚಾಗತೈತಿ."

"ಹಿಡಸ್ತೈತಿ ಅಂತ ಇಂಟರ್‌ನೆಟ್ಟಿನ್ಯಾಗ ಬರದಾರ ಅಜ್ಜಿ. ನಾ ನಾಕು ಸಲ ನೋಡೀನಿ."

"ಇಂಟರ್‌ನೆಟ್ಟಿಗೆ ತನು ಗೊತ್ತಿಲ್ಲ."

ಖಲೀಲ್ ಭಾಯಿ ಟೇಪು ತಂದರು. ಕಾರ್ಡು ಅಳೆದರು, ಕ್ಯಾಬಿನೆಟ್ಟಿನ ಒಳ ಅಳತೆಯನ್ನು ಕಂಪ್ಯೂಟರಿನಲ್ಲಿ ಹುಡುಕಿದರು, ಫ್ಯಾನಿನ ದಪ್ಪ ಕಳೆದರು. ಆಮೇಲೆ ನನ್ನ ಕೈಯನ್ನೇ ನೋಡುತ್ತ, "ಅಮ್ಮಾ, ಹಾಥ್ ಹೈ ಕಿ ಟೇಪ್?" ಅಂದರು, ಇದು ಕೈಯೋ ಟೇಪೋ ಅಂತ. ಅದೇ ಶಕ್ತಿಯ, ಎರಡೇ ಫ್ಯಾನಿನ ಗಿಡ್ಡ ಕಾರ್ಡು ಒಳಗೆ ಇತ್ತು. ನಾನು ಗೇಣು ಹಾಕಿ ತಲೆಯಾಡಿಸಿದ ಮೇಲೆಯೇ ಅದರ ಸೀಲು ಒಡೆದರು. ಆ ಡಬ್ಬಿಯ ರಾಕ್ಷಸನೇ ಈಗ ನನ್ನ ಚೂರು ಕಾಯುವವನು. ಹೊರಡುವ ಹೊತ್ತಿಗೆ ಪಕ್ಕದಲ್ಲಿ ಕಾರ್ಡು ಕೊಳ್ಳುತ್ತಿದ್ದವನೊಬ್ಬ, "ಅಮ್ಮಾ, ನಾದಿ ಕೂಡಾ ಕೊಲವಂಡಿ" ಎಂದು ತನ್ನದನ್ನೂ ಅಳೆಸಿಕೊಂಡ. ಅವನ ಪೆಟ್ಟಿಗೆಯನ್ನು ನಾನು ಕಂಡಿರಲಿಲ್ಲ. ಆದರೂ ಗಂಭೀರವಾಗಿ ಅಳೆದು ಕೊಟ್ಟೆ.

ಮನೆಯಲ್ಲಿ ಕಾರ್ಡು ತನ್ನ ಜಾಗದಲ್ಲಿ ಟಕ್ ಎಂದು ಕೂತಿತು. ತನುವಿನ ಫ್ಯಾನಿಗೂ ಅದಕ್ಕೂ ನಡುವೆ ಒಂದು ಹಪ್ಪಳ ತೂರುವಷ್ಟು ಜಾಗ. ಮೊದಲ ಗೇಮು ನನ್ನ ಕೈಯಿಂದಲೇ ಆಗಬೇಕೆಂದಿರಿ. ನಾನು ಒಂದು ಕೆಂಪು ಕಾರನ್ನು ನೇರ ಸಮುದ್ರಕ್ಕೆ ಇಳಿಸಿದೆ. ನಿಮ್ಮ ಅಪ್ಪ ಚಪ್ಪಾಳೆ ತಟ್ಟಿದ.

ಇಷ್ಟೇ ನನ್ನ ಶೌರ್ಯ. ನನ್ನ ತಪ್ಪು ಗೋಣಿಚೀಲಕ್ಕೆ ಹೋಗುವ ಮೊದಲು ಮುಚ್ಚಿಕೊಳ್ಳಬೇಕಿತ್ತು, ಅದಕ್ಕೆ ಬಾಯಿ ತೆರೆದೆ. ತೆರೆದ ಬಾಯಿ ಮಾತ್ರ ಆಮೇಲೆ ಮುಚ್ಚಲಿಲ್ಲ. ಈಗ ನಾನು ಕೊತ್ತಂಬರಿಯವಳ ಜೊತೆ ಜಗಳವಾಡುತ್ತೇನೆ, ಬಸ್ಸಿನಲ್ಲಿ ಸೀಟು ಕೇಳುತ್ತೇನೆ.

ಇಷ್ಟು ಬರೆದು ಹಸಿರು ತುಂಡು ಹೊಲಿಯಲು ಕೂತಿದ್ದೆ, ತನು ಬಂದು ಪಕ್ಕದಲ್ಲಿ ನಿಂತಳು. ಹದಿನೈದು ತುಂಬಿದ ಮೇಲೆ ನಮ್ಮ ಧ್ವನಿವರ್ಧಕಕ್ಕೆ ಏನಾಯಿತೋ, ಮಂದಿ ಎದುರು ಮಾತೇ ಹೊರಡುವುದಿಲ್ಲ. ಅವಳಿಗೂ ತನ್ನದೇ ಕಂಪ್ಯೂಟರ್ ಜೋಡಿಸಬೇಕಂತೆ. ಪಟ್ಟಿ ಬರೆದಿದ್ದಾಳೆ.

"ಅಜ್ಜಿ... ಬಜಾರಕ್ಕ ನೀ ಬರ್ತಿಯೇನು? ನಂಗ ಅಂಗಡ್ಯಾಗ ಕೇಳಾಕ ನಾಚಿಕಿ ಬರತೈತಿ."

ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಕುಬಸದ ತೋಳು ಮೇಲೆ ಸರಿಸಿ, ಎಡಗೈಯನ್ನು ಅವಳ ಮುಂದೆ ಚಾಚಿದೆ.

"ಒಂದು ಸಲ ಚೂಟಿದ್ರ ಬ್ಯಾಡ, ಎರಡು ಸಲ ಚೂಟಿದ್ರ ಹೌದು. ಮಾತು ನಾ ಆಡ್ತೀನಿ. ಎಲ್ಲಿ, ಈಗೊಮ್ಮೆ ಮಾಡಿ ತೋರಸು. ನಾಳೆ ಹೋಗೂಣೇನು?"

ಅವಳು ಆಚೀಚೆ ನೋಡಿ, ಮೆಲ್ಲಗೆ, ಎರಡು ಸಲ ಚಿವುಟಿದಳು.